ನಾಲ್ಕು ಮೂಲೆಗೆ ನಗು

ಚಾರ್ಜರ್ ಹುಡುಕಲು ಹೋಗಿ ಒಂದು ಭಾನುವಾರದ ಬೆಳಗನ್ನು ಕಳೆದುಕೊಂಡೆ. ನಮ್ಮ ಟಿವಿ ಕೆಳಗಿನ ಡ್ರಾಯರಿನ ಸ್ವಭಾವವೇ ಹಾಗೆ. ಬೇಕಾದದ್ದೊಂದನ್ನು ಬಿಟ್ಟು ಉಳಿದದ್ದೆಲ್ಲವನ್ನೂ ಉದಾರವಾಗಿ ಕೊಡುತ್ತದೆ. ಅವತ್ತು ಕೊಟ್ಟದ್ದು ಬೀಗಗಳೇ ಇಲ್ಲದ ಮೂರು ಬೀಗದ ಕೈ, ಯಾರದೋ ಮೂಗುಬೊಟ್ಟಿನ ತಿರುಪು, ಮತ್ತು ರಬ್ಬರ್ ಬ್ಯಾಂಡ್ ಸುತ್ತಿಟ್ಟಿದ್ದ ನಮ್ಮ ಮಾವನವರ ಹಳೆಯ ಮೊಬೈಲು. ಅದರ ಗುಂಡಿಗಳ ಮೇಲೆ ಎರಡರಿಂದ ಒಂಬತ್ತರವರೆಗೂ ಅಂಕಿಗಳು ಇನ್ನೂ ಓದಲು ಬರುತ್ತವೆ. ಒಂದರ ಗುಂಡಿ ಮಾತ್ರ ಸವೆದು ನುಣ್ಣಗಾಗಿದೆ.

ನನ್ನ ಮಗಳು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಅಮ್ಮ, ತಾತ ಪೊಲೀಸಿಗೆ ಫೋನ್ ಮಾಡ್ತಾನೇ ಇದ್ರಾ?" ಎಂದಳು. ಹಾಗಿದ್ದರೆ ಸೊನ್ನೆಯೂ ಸವೆಯಬೇಕಿತ್ತಲ್ಲ!

"ಇಲ್ಲ ಕಣೆ, ತಾತ ಇದರಲ್ಲಿ ನಗ್ತಿದ್ರು" ಎಂದೆ.

ಅವಳು ಗೋಡೆಯ ಮೇಲಿನ ತಾತನ ನಗುವಿಲ್ಲದ ಫೋಟೋ ಕಡೆ ನೋಡಿದಳು. "ಇವರಾ?" ಎಂದಳು. ಅವಳ ಅನುಮಾನ ನ್ಯಾಯವಾದದ್ದೇ. ನಮ್ಮ ಮದುವೆಯ ಆಲ್ಬಮ್ಮಿನಲ್ಲೂ ಮಾವ ಹಾಗೆಯೇ ನಿಂತಿದ್ದಾರೆ. ಪಕ್ಕದಲ್ಲಿ ಅತ್ತೆ ಬಾಯ್ತುಂಬ ನಗುತ್ತಿದ್ದರೆ, ಇವರು ಪಾಸ್‌ಪೋರ್ಟಿಗೆಂದು ನಿಂತವರಂತಿದ್ದಾರೆ.

ಮಾವ ಅಂಚೆ ಇಲಾಖೆಯಲ್ಲಿ ಕಾಗದ ವಿಂಗಡಿಸುವ ಕೆಲಸದಲ್ಲಿದ್ದವರು. ಸರ್ವಿಸ್ ಪೂರ್ತಿ ಬೇರೆಯವರ ಸುಖದುಃಖಗಳನ್ನು ಗೂಡಿನಿಂದ ಗೂಡಿಗೆ ಹಾಕಿ ಹಾಕಿ, ತಮ್ಮದನ್ನು ಯಾವುದೋ ಗೂಡಿನಲ್ಲಿ ಮರೆತಿದ್ದರೋ ಏನೋ, ಮುಖದ ಮೇಲೆ ಏನೂ ಕಾಣಿಸುತ್ತಿರಲಿಲ್ಲ. ನನ್ನನ್ನು ನೋಡಲು ಜೆ.ಪಿ. ನಗರದ ನಮ್ಮ ಮನೆಗೆ ಬಂದ ದಿನವೂ ಅಷ್ಟೇ. ಉಪ್ಪಿಟ್ಟು ತಿಂದರು, ಕೇಸರಿಬಾತ್ ತಿಂದರು, ಕಾಫಿ ಕುಡಿದರು. ಮೂರಕ್ಕೂ ಒಂದೇ ಮುಖ. ನಮ್ಮಪ್ಪ ಅಡುಗೆಮನೆಗೆ ಬಂದು, "ಇದು ಆಗೋ ಸಂಬಂಧ ಅಲ್ಲ ಬಿಡು" ಎಂದು ಅಮ್ಮನಿಗೆ ಪಿಸುಗುಟ್ಟಿದರು. ಅಷ್ಟರಲ್ಲಿ ಹುಡುಗನ ತಾಯಿ, ಅಂದರೆ ಈಗಿನ ನನ್ನ ಅತ್ತೆ, ಅಲ್ಲಿಗೇ ಬಂದು, "ನಮ್ಮ ಯಜಮಾನರಿಗೆ ತುಂಬ ಒಪ್ಪಿಗೆ ಆಗಿದೆ. ಬೇಕಾದ್ರೆ ಕಿವಿ ನೋಡಿ, ಕೆಂಪಾಗಿದೆ" ಎಂದರು. ನಾವೆಲ್ಲ ಬಾಗಿಲ ಸಂದಿಯಿಂದ ಇಣುಕಿ ನೋಡಿದೆವು. ಕಿವಿ ಎಲ್ಲರಿಗೂ ಇರುವ ಹಾಗೇ ಇತ್ತು. ಆದರೂ ಮದುವೆ ಗೊತ್ತಾಯಿತು.

ನಿಶ್ಚಯಕ್ಕೂ ಮದುವೆಗೂ ನಡುವೆ ನಾಲ್ಕು ತಿಂಗಳಿತ್ತು. ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ನನ್ನನ್ನು ಮದುವೆಯಾಗಲಿದ್ದ ಮುರಳಿ ಆಡಿಟ್ ಕೆಲಸದ ಮೇಲೆ ಊರೂರು ಸುತ್ತುತ್ತಾ ಇ-ಮೇಲ್ ಬರೆಯುತ್ತಿದ್ದ. ನಾನು ಜಯನಗರ ನಾಲ್ಕನೇ ಬ್ಲಾಕಿನ ಸೈಬರ್ ಸೆಂಟರಿನಲ್ಲಿ, ಪರದೆ ಇಳಿಬಿಟ್ಟ ಪುಟ್ಟ ಗೂಡಿನಲ್ಲಿ ಕೂತು ಓದುತ್ತಿದ್ದೆ. ಮೊದಲನೇ ಪತ್ರ ಓದಿಯೇ ನನಗೆ ಚಿಂತೆ ಹತ್ತಿತು. ಎರಡು ಸಾಲಿಗೊಮ್ಮೆ ಎರಡು ಚುಕ್ಕಿ, ಒಂದು ಅಡ್ಡಗೆರೆ, ಒಂದು ಕಂಸ. ನಾನು ಟೈಪಿಂಗ್ ಸೀನಿಯರ್ ಪಾಸು ಮಾಡಿದವಳು. ನಮ್ಮ ಇನ್‌ಸ್ಟಿಟ್ಯೂಟಿನ ಮೇಷ್ಟ್ರು ಬರೀ ಕಂಸ, ಚುಕ್ಕಿಗಳನ್ನೇ ಕುಟ್ಟಿ ಒಂದು ಗಣಪತಿ ಮಾಡಿ, ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದರು. ಆದರೆ ಪತ್ರದ ಮಧ್ಯೆ ಒಂದು ಚುಕ್ಕಿ ಹೆಚ್ಚಾದರೂ ಸ್ಕೇಲಿನಿಂದ ಬೆರಳಿನ ಮೇಲೆ ಬೀಳುತ್ತಿತ್ತು. ಗಂಡು ಒಳ್ಳೆಯವನೇ, ಟೈಪಿಂಗ್ ಮಾತ್ರ ಹೊಲಸು ಎಂದುಕೊಂಡು, ಮರುಪತ್ರದಲ್ಲಿ ಅವನ ಹನ್ನೊಂದು ತಪ್ಪುಗಳನ್ನು ಪಟ್ಟಿ ಮಾಡಿ ಕಳಿಸಿದೆ.

"ಅದು ತಪ್ಪಲ್ಲ ಮಾರಾಯ್ತಿ, ನಗು. ತಲೆ ಎಡಕ್ಕೆ ಓರೆ ಮಾಡಿ ನೋಡು" ಎಂದು ಉತ್ತರ ಬಂತು. ಓರೆ ಮಾಡಿದೆ. ನಿಜವಾಗಿಯೂ ಒಂದು ಪುಟ್ಟ ಮುಖ ನಗುತ್ತಿತ್ತು! ನಂಬಲಾಗದೆ ಇನ್ನೊಂದು ಸಲ ಓರೆ ಮಾಡಿದೆ. ಪರದೆ ಸರಿಸಿ ಬಂದ ಸೆಂಟರಿನ ಅಂಕಲ್, "ಏನ್ ಮೇಡಂ, ಕತ್ತು ಉಳುಕ್ತಾ? ಕುರ್ಚಿ ಬದಲಾಯಿಸ್ಲಾ?" ಎಂದು ಕೇಳಿದರು. ಆ ಹನ್ನೊಂದು ತಪ್ಪಿನ ಪಟ್ಟಿಯನ್ನು ಮುರಳಿ ಇವತ್ತಿಗೂ ಬಂದವರೆದುರಿಗೆಲ್ಲ ಹೇಳಿ ನನ್ನ ಮಾನ ಕಳೆಯುತ್ತಾನೆ.

ಮದುವೆಯಾಗಿ ಜಯನಗರ ಒಂಬತ್ತನೇ ಬ್ಲಾಕಿನ ಈ ಮನೆಗೆ ಬಂದೆ. ಬಂದ ಮೇಲೆ ನನ್ನದು ಒಂದೇ ಕೊರಗು: ಮಾವನವರಿಗೆ ನಾನು ಹಿಡಿಸಿದೆನೋ ಇಲ್ಲವೋ? ಬೈದಿದ್ದರೆ ಗೊತ್ತಾಗುತ್ತಿತ್ತು, ಬೈಯಲಿಲ್ಲ. ಹೊಗಳಿದ್ದರೆ ಗೊತ್ತಾಗುತ್ತಿತ್ತು, ಅದೂ ಇಲ್ಲ. ಹುಳಿಗೆ ಉಪ್ಪು ಮರೆತ ದಿನವೂ, ಮೈಸೂರುಪಾಕು ಅಂಗಡಿಯದರಂತೆ ಬಂದ ದಿನವೂ ತಟ್ಟೆಯನ್ನು ಒಂದೇ ರೀತಿ ಬಳಿದು ಎದ್ದರು. ಪ್ರತಿ ಸಲವೂ ಅತ್ತೆಯೇ ಅರ್ಥ ಹೇಳಬೇಕು. "ಇವತ್ತು ಖುಷಿಯಾಗಿದ್ದಾರೆ ಕಣೆ ಶೈಲಾ, ಕಿವಿ ನೋಡು." ನಾನು ನೋಡುತ್ತಿದ್ದೆ. ನಾಲ್ಕು ವರ್ಷ ಆ ಕಿವಿಗಳನ್ನು ನೋಡಿದೆ. ನನಗೆ ಒಂದು ದಿನವೂ ಕೆಂಪು ಕಾಣಿಸಲಿಲ್ಲ. ಅತ್ತೆ ನನ್ನ ಸಮಾಧಾನಕ್ಕೆ ಸುಳ್ಳು ಹೇಳುತ್ತಿದ್ದಾರೆಂದೇ ತೀರ್ಮಾನಿಸಿದ್ದೆ.

ಅಷ್ಟರಲ್ಲಿ ಮೊಬೈಲುಗಳು ಅಗ್ಗವಾದವು. ಮುರಳಿ ಮಾವನಿಗೂ ಒಂದು ತಂದುಕೊಟ್ಟ. ಮಾತಾಡಲು ಒಪ್ಪದ ಮಾವ ಮೆಸೇಜು ಕಳಿಸುವುದನ್ನು ಎರಡೇ ದಿನದಲ್ಲಿ ಕಲಿತರು. ಎಲ್ಲ ದೊಡ್ಡಕ್ಷರದ ಇಂಗ್ಲಿಷು, ಥೇಟ್ ಟೆಲಿಗ್ರಾಂ. ಹಾಲು ಮುಗಿದಿದೆ. ಸಿಲಿಂಡರ್ ಬಂತು. ಮಳೆ, ಕೊಡೆ ಒಯ್ಯಿ. ಒಂದು ಮಧ್ಯಾಹ್ನ ಬನಶಂಕರಿಯ ನಮ್ಮ ಆಫೀಸಿನಲ್ಲಿ ಕೂತಿದ್ದಾಗ ಎರಡೇ ಪದ ಬಂತು: ಮನೆಗೆ ಬಾ.

ಮ್ಯಾನೇಜರಿಗೆ ಏನು ಹೇಳಿದೆನೋ ನೆನಪಿಲ್ಲ. ಆಟೋ ಹಿಡಿದು ದಾರಿಯುದ್ದಕ್ಕೂ ಗೊತ್ತಿದ್ದ ದೇವರಿಗೆಲ್ಲ ಹರಕೆ ಹೊತ್ತು ಮನೆ ಸೇರಿದರೆ, ಅತ್ತೆ ಒಬ್ಬಟ್ಟು ಬೇಯಿಸುತ್ತಿದ್ದರು. "ಬಿಸಿಬಿಸಿ ತಿನ್ಲಿ, ಪಾಪ, ಬರಕ್ಕೆ ಹೇಳಿ ಅಂದೆ" ಎಂದರು. ಆ ಒಬ್ಬಟ್ಟನ್ನು ಅಳುತ್ತಲೇ ತಿಂದೆ.

"ಮಾವ, ಹಿಂಗೆ ಬರೆದ್ರೆ ಎದೆ ಒಡ್ದು ಹೋಗಲ್ವಾ?" ಎಂದೆ. ಅವರೆದುರು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು.

"ಬಾ ಅಂತ ತಾನೇ ಬರೆದಿದ್ದು?" ಎಂದರು ಮಾವ.

"ಬಾ ಅನ್ನೋದರಲ್ಲಿ ಒಳ್ಳೇದಕ್ಕೋ ಕೆಟ್ಟದಕ್ಕೋ ಹೆಂಗೆ ಗೊತ್ತಾಗತ್ತೆ? ಕೊಡಿ ಇಲ್ಲಿ" ಎಂದು ಮೊಬೈಲು ಇಸಿದುಕೊಂಡು ಪಕ್ಕದಲ್ಲೇ ಕೂತೆ. ಆ ಫೋನಿನಲ್ಲಿ ಎಲ್ಲ ಚಿಹ್ನೆಗಳೂ ಒಂದರ ಗುಂಡಿಯ ಹಿಂದೆಯೇ ಅಡಗಿದ್ದವು. ಎರಡು ಚುಕ್ಕಿ ಬರಬೇಕಾದರೆ ಹದಿಮೂರು ಸಲ ಒತ್ತಬೇಕು. ಅಡ್ಡಗೆರೆಗೆ ಎಂಟು. ಕಂಸಕ್ಕೆ ಹತ್ತು. ಒಟ್ಟು ಮೂವತ್ತೊಂದು ಒತ್ತಿಗೆ ಒಂದು ನಗು. ಒಂದು ಸಲ ಹೆಚ್ಚಾಯಿತೋ, ಮತ್ತೆ ಇಡೀ ಸುತ್ತು ಬರಬೇಕು. ಚುಕ್ಕಿಗೂ ಗೆರೆಗೂ ನಡುವೆ ಒಂದು ಗಳಿಗೆ ಬೆರಳೆತ್ತಿ ಕಾಯಬೇಕು. ಮಾವ ಮೂರನೇ ಪ್ರಯತ್ನಕ್ಕೆ ಸಾಧಿಸಿದರು.

"ಈಗ ತಲೆ ಓರೆ ಮಾಡಿ ನೋಡಿ ಮಾವ, ನಗ್ತಾ ಇದೆ" ಎಂದೆ. ಅವರು ತಲೆ ಓರೆ ಮಾಡಲಿಲ್ಲ. ಕಾಗದ ವಿಂಗಡಿಸುವವರ ಅಭ್ಯಾಸ, ಫೋನನ್ನೇ ತಿರುಗಿಸಿ ನೋಡಿದರು. ತುಂಬ ಹೊತ್ತು ನೋಡಿದರು. ಆಮೇಲೆ ಎದ್ದು ಹೋಗಿ, ದೇವರ ಮನೆಯಲ್ಲಿದ್ದ ಯಾರದೋ ಲಗ್ನಪತ್ರಿಕೆ ತಂದು ಅದರ ಮೂಲೆಗೆ ಹಚ್ಚಿದ ಅರಿಶಿನದ ಮೇಲೆ ಬೆರಳಿಟ್ಟರು.

"ಅಂದ್ರೆ ಇದು" ಎಂದರು.

ಆಮೇಲೆ ನಾನು ಈ ಮನೆಗೆ ಬಂದ ಮೇಲೆ ಕೇಳಿದ ಅತಿ ಉದ್ದದ ಮಾತು ಅವರ ಬಾಯಿಂದ ಬಂತು. "ನಾನು ಯಾವತ್ತೂ ಇನ್ನೊಬ್ಬರ ಕಾಗದ ಓದಿದವನಲ್ಲಮ್ಮ. ಆದ್ರೆ ಮೂಲೆ ನೋಡ್ತಿದ್ದೆ. ನಾಲ್ಕು ಮೂಲೆಗೆ ಅರಿಶಿನ ಇದ್ರೆ, ಯಾರ ಮನೇಲೋ ಮದುವೆ, ಯಾರಿಗೋ ಮಗು. ಅಂಥದ್ದು ಕೈಗೆ ಬಂದ ದಿನ ಊಟ ರುಚಿಸ್ತಿತ್ತು. ಸಾವಿನ ಕಾಗದಕ್ಕೆ ಅರಿಶಿನ ಇರ್ತಿರ್ಲಿಲ್ಲ. ಅದನ್ನ ಮೆಲ್ಲಗೆ ಇಡ್ತಿದ್ದೆ." ಇಷ್ಟು ಹೇಳಿ, ಹೆಚ್ಚಾಯಿತೆನಿಸಿತೋ ಏನೋ, ಪೇಪರು ತೆಗೆದುಕೊಂಡರು.

ಅಲ್ಲಿಂದ ಮುಂದೆ ನಮ್ಮ ಮನೆಯ ಮೆಸೇಜುಗಳ ಶಾಸ್ತ್ರ ಬದಲಾಯಿತು. ಲೋಕವೆಲ್ಲ ನಗುವನ್ನು ಮಾತಿನ ಕೊನೆಗೆ ಹಾಕಿದರೆ ಮಾವ ಮೊದಲಿಗೇ ಹಾಕುತ್ತಿದ್ದರು. "ಕೊನೇಲಿ ಹಾಕಿದ್ರೆ ಏನಮ್ಮ ಪ್ರಯೋಜನ? ಕಾಗದ ಒಡೆಯೋಕೆ ಮುಂಚೆ ಗೊತ್ತಾಗಬೇಕು. ಅಲ್ಲೀವರೆಗೂ ಓದೋರು ಜೀವ ಹಿಡ್ಕೊಂಡು ಕೂತಿರಬೇಕಾ?" ಎಂಬುದು ಅವರ ವಾದ. ಒಂದು ಸಾಕೆಂದರೆ ಕೇಳಲಿಲ್ಲ. ಮೂಲೆ ನಾಲ್ಕು, ಆದ್ದರಿಂದ ನಗುವೂ ನಾಲ್ಕು. ಮುಂದೆ ಎರಡು, ಹಿಂದೆ ಎರಡು, ಮಧ್ಯದಲ್ಲಿ "ಹಾಲು ಮುಗಿದಿದೆ." ಹಾಲು ಮುಗಿದದ್ದರಲ್ಲಿ ಶುಭವೇನಿದೆ ಎಂದು ಮುರಳಿ ತಮಾಷೆ ಮಾಡಿದರೆ, "ಹಾಲು ಮಾತ್ರ ತಾನೇ ಮುಗಿದಿರೋದು? ಮಿಕ್ಕಿದ್ದೆಲ್ಲ ಕ್ಷೇಮ ಅಂತ" ಎಂದರು.

ಮುರಳಿ ಸುಮ್ಮನಿರಲಾರದೆ ಸೈಬರ್ ಸೆಂಟರಿನಲ್ಲಿ ವೆಬ್‌ಸೈಟುಗಳನ್ನು ಜಾಲಾಡಿ, ಐವತ್ತು ಅರವತ್ತು ಮುಖಗಳ ಪಟ್ಟಿಯೊಂದನ್ನು ಬಣ್ಣದಲ್ಲಿ ಪ್ರಿಂಟ್ ಹಾಕಿಸಿ ತಂದ. ಒಂದು ಕಡೆ ಚಿಹ್ನೆ, ಪಕ್ಕದಲ್ಲಿ ಅದು ಕಂಪ್ಯೂಟರಿನ ಚಾಟಿನಲ್ಲಿ ಕಾಣುವ ದುಂಡು ಮುಖ. ಮಾವ ಕನ್ನಡಕ ಏರಿಸಿ ನೋಡಿದವರೇ ಅತ್ತೆಯನ್ನು ಕೂಗಿದರು. "ಬಾರೇ ಇಲ್ಲಿ. ನಾನು ಹೇಳ್ಲಿಲ್ವಾ? ಅರಿಶಿನ!" ನೋಡಿದರೆ ಹೌದು, ಮುಖಗಳೆಲ್ಲ ಹಳದಿ. ಯಾವ ದೇಶದ ಯಾವ ಪುಣ್ಯಾತ್ಮ ಆ ಬಣ್ಣ ಹಾಕಿದನೋ, ಮಾವ ಗೆದ್ದಿದ್ದರು.

ಪಟ್ಟಿಯನ್ನು ಪಂಚಾಂಗದ ಮೊಳೆಗೇ ನೇತುಹಾಕಿ, ಒಂದು ವಾರ ಕೂತು ವಿಂಗಡಿಸಿದರು. ಕಣ್ಣು ಹೊಡೆಯುವ ಮುಖಕ್ಕೆ ಕೆಂಪು ಗೀಟು ಬಿತ್ತು, ಸಂಸಾರಸ್ಥರ ಮನೆಗೆ ಒಳ್ಳೆಯದಲ್ಲ. ನಾಲಿಗೆ ಚಾಚುವುದಕ್ಕೂ ಗೀಟು. ಅಳುವ ಮುಖದ ಮುಂದೆ ಸ್ವಲ್ಪ ಯೋಚಿಸಿ, "ಕೆಟ್ಟ ಸುದ್ದಿಗೆ ಮುಖ ಯಾಕೆ? ಖಾಲಿ ಬಿಟ್ಟರೆ ಸಾಕು" ಎಂದು ಅದನ್ನೂ ಹೊಡೆದರು. ಕೊನೆಗೆ ಉಳಿದದ್ದು ಒಂದೇ, ಅವರಿಗೆ ಮೊದಲಿನಿಂದ ಗೊತ್ತಿದ್ದದ್ದು. ನಕ್ಷತ್ರದ ಗುಂಡಿ ಒತ್ತಿದರೆ ಚಿಹ್ನೆಗಳೆಲ್ಲ ಒಟ್ಟಿಗೇ ಬರುತ್ತವೆ, ಮೂವತ್ತೊಂದು ಸಲ ಕುಟ್ಟಬೇಕಿಲ್ಲ ಎಂದು ಆಮೇಲೊಂದು ದಿನ ನಾನು ತೋರಿಸಿಕೊಟ್ಟೆ. "ಅರಿಶಿನ ಹಚ್ಚೋಕೆ ಅಡ್ಡದಾರಿ ಬೇಡಮ್ಮ" ಎಂದುಬಿಟ್ಟರು. ನಾನು ಮಾತ್ರ ಅಡ್ಡದಾರಿಯಲ್ಲೇ ಇದ್ದೆ. ಬರೆಯುವುದನ್ನೆಲ್ಲ ಮೊದಲು ಬರೆದು, ಕೊನೆಗೆ ಹಿಂದಕ್ಕೆ ಹೋಗಿ ನಗುಗಳನ್ನು ಸೇರಿಸಿ ಕಳಿಸುತ್ತಿದ್ದೆ. ಕಚೇರಿಯಿಂದ ಹೊರಟೆ ಎನ್ನುವುದಕ್ಕೂ ನಾಲ್ಕು ಮೂಲೆ ತುಂಬಿರಬೇಕಿತ್ತು.

ಆ ವರ್ಷ ಅತ್ತೆಯ ಗಂಟಲಿನಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ಸೂಜಿ ಹಾಕಿ ಅದರಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ವರದಿ ಬರುವವರೆಗಿನ ದಿನಗಳಲ್ಲಿ ಮನೆಯಲ್ಲಿ ಯಾರೂ ಆ ಮಾತೆತ್ತಲಿಲ್ಲ. ಅತ್ತೆ ಯಾವಾಗಲೂ ಇಲ್ಲದ ಹಾಗೆ ಹಪ್ಪಳ ಲಟ್ಟಿಸಿದರು. ಮಾವ ಪೇಪರಿನ ಒಂದೇ ಪುಟವನ್ನು ದಿನವೆಲ್ಲ ಓದಿದರು. ಈ ಅತ್ತೆಗೆ ಏನಾದರೂ ಆದರೆ ಈ ಮನುಷ್ಯ ಯಾರ ಬಾಯಿಂದ ಮಾತಾಡುತ್ತಾರೆ, ನನಗೆ ಇವರನ್ನು ಯಾರು ಅರ್ಥ ಮಾಡಿಸುತ್ತಾರೆ ಎಂದು ನಾನು ಪಾತ್ರೆ ತೊಳೆಯುತ್ತಾ ಅತ್ತಿದ್ದೇನೆ.

ವರದಿಯ ದಿನ ಮುರಳಿ ದಾವಣಗೆರೆಯಲ್ಲಿದ್ದ. ಮಾವನಿಗೆ ಆಸ್ಪತ್ರೆಯ ವಾಸನೆ ಕಂಡರೆ ತಲೆ ಸುತ್ತು. ಹಾಗಾಗಿ ನಾನು, ಅತ್ತೆ ಇಬ್ಬರೇ ಹೋದೆವು. ಸಂಜೆ ನಾಲ್ಕರ ಹೊತ್ತಿಗೆ ಡಾಕ್ಟರು ವರದಿ ನೋಡಿ, "ಏನೂ ಇಲ್ಲ ಅಜ್ಜಿ, ಬರೀ ಗಂಟು. ಆರಾಮಾಗಿರಿ" ಎಂದರು. ಹೊರಗೆ ಬಂದು ಗೋಡೆಗೊರಗಿ ನಿಂತು ಮಾವನಿಗೆ ಟೈಪು ಮಾಡಿದೆ. ರಿಪೋರ್ಟ್ ಬಂತು. ಡಾಕ್ಟರ್ ನೋಡಿದರು. ಮನೆಗೆ ಬರುತ್ತಿದ್ದೇವೆ. ಇನ್ನು ಹಿಂದಕ್ಕೆ ಹೋಗಿ ನಾಲ್ಕು ನಗು ಹಾಕಬೇಕು, ಅಷ್ಟರಲ್ಲಿ ಅತ್ತೆ, "ಶೈಲಾ, ಆಟೋ ನಿಂತಿದೆ ಬಾರೇ!" ಎಂದು ಕೂಗಿದರು. ಬ್ಯಾಟರಿ ಮುಗಿಯುತ್ತಿದೆಯೆಂದು ಫೋನೂ ಕೂಗಿತು. ಗಡಿಬಿಡಿಯಲ್ಲಿ ಕಳಿಸುವ ಗುಂಡಿ ಒತ್ತಿ ಓಡಿದೆ. ಫೋನು ಆರಿಹೋಯಿತು. ಹೇಳಬೇಕಾದ ಸುದ್ದಿಯನ್ನೆಲ್ಲ ನಗುವಿಗೇ ಬಿಟ್ಟಿದ್ದೆ, ಆ ನಗುವನ್ನೇ ಬಿಟ್ಟುಬಿಟ್ಟಿದ್ದೆ. ಅದು ನನಗೆ ಹೊಳೆಯಲೂ ಇಲ್ಲ.

ಆಟೋದಲ್ಲಿ ಅತ್ತೆಯ ಉತ್ಸಾಹ ಹೇಳತೀರದು. "ಹದಿನೈದು ದಿನದಿಂದ ಗಂಟಲಲ್ಲಿ ಅನ್ನ ಇಳಿದಿಲ್ಲ ಕಣೆ. ಮಸಾಲೆ ದೋಸೆ ಇಳಿಯತ್ತಾ ನೋಡೋಣ ನಡಿ" ಎಂದು ನಾಲ್ಕನೇ ಬ್ಲಾಕಿನಲ್ಲಿ ಇಳಿಸಿದರು. ದೋಸೆ ಸಲೀಸಾಗಿ ಇಳಿಯಿತು. ಎರಡನೆಯದೂ ಇಳಿಯಿತು. ಮೂರು ಮೊಳ ಮಲ್ಲಿಗೆ ಕೊಂಡು, ನನಗೂ ಮುಡಿಸಿ, ಅಂಗಡಿ ಅಂಗಡಿ ನೋಡುತ್ತಾ ಆರೂವರೆಗೆ ಮನೆ ಮುಟ್ಟಿದೆವು. ಬಾಗಿಲಿಗೆ ಬೀಗ.

ಪಕ್ಕದ ಮನೆ ಸರೋಜಾ ಆಂಟಿ ಬೀಗದ ಕೈ ಹಿಡಿದು ಓಡಿ ಬಂದರು. ಅತ್ತೆಯ ಮುಡಿಯಲ್ಲಿದ್ದ ಹೂವು ನೋಡಿ ಬಾಯಿ ಬಿಟ್ಟರು. "ಏನ್ರೀ ಇದು? ನಿಮ್ಮೆಜಮಾನರು ಆಸ್ಪತ್ರೆಗೆ ಹೋದ್ರಲ್ಲ! ಚಪ್ಪಲಿ ಕೂಡ ಹಾಕ್ಕೊಂಡಿಲ್ಲ. ಇಪ್ಪತ್ತು ವರ್ಷದಿಂದ ನೋಡ್ತಿದೀನಿ, ಅವರ ಮುಖ ಹಂಗಿದ್ದಿದ್ದು ನಾನು ನೋಡೇ ಇಲ್ಲ."

ಆಂಟಿಯ ಮನೆಯಿಂದ ಮಾವನ ಮೊಬೈಲಿಗೆ ಫೋನು ಮಾಡಿದೆ. ನಮ್ಮ ಮನೆಯ ಒಳಗೇ ರಿಂಗಾಯಿತು. ಬಾಗಿಲು ತೆಗೆದು ನೋಡಿದರೆ ಅವರ ಕುರ್ಚಿಯ ಮೇಲೆ ಬಿದ್ದಿತ್ತು, ನನ್ನ ಮೆಸೇಜು ತೆರೆದ ಹಾಗೇ ಇತ್ತು. ಮುಂದೆ ಏನೂ ಇಲ್ಲ, ಹಿಂದೆ ಏನೂ ಇಲ್ಲ. ನನಗೆ ಆಗ ಅರ್ಥವಾಯಿತು.

ಏಳು ಗಂಟೆ ದಾಟಿದ ಮೇಲೆ ಮಾವ ರಸ್ತೆಯ ತಿರುವಿನಲ್ಲಿ ಕಂಡರು. ಬರಿಗಾಲಲ್ಲಿ ನಡೆದು ಬರುತ್ತಿದ್ದರು. ಆ ವಾಸನೆಯಲ್ಲಿ ಆಸ್ಪತ್ರೆಯ ಮೂರು ಅಂತಸ್ತನ್ನೂ ಹತ್ತಿ ಇಳಿದು ಹುಡುಕಿದ್ದರಂತೆ. ಗೇಟಿನ ಬಳಿ ನಿಂತರು. ಮೆಟ್ಟಿಲ ಮೇಲೆ ಕೂತಿದ್ದ ಅತ್ತೆಯನ್ನು ನೋಡಿದರು.

"ಹೂವು ಮುಡ್ಕೊಂಡಿದ್ದೀಯ" ಎಂದರು.

"ಏನೂ ಇಲ್ವಂತೆ ಕಣ್ರೀ. ಬರೀ ಗಂಟಂತೆ" ಎಂದರು ಅತ್ತೆ.

ಮಾವ ನನ್ನ ಕಡೆ ತಿರುಗಿದರು. "ಮೂಲೆ ಖಾಲಿ ಇತ್ತಲ್ಲಮ್ಮ" ಎಂದರು. ಅಷ್ಟೇ. ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಸಲೀಸಾಗುತ್ತಿತ್ತು. "ತಪ್ಪಾಯ್ತು ಮಾವ" ಎಂದು ಅಲ್ಲೇ ಅತ್ತುಬಿಟ್ಟೆ. ಅವರು ನಲ್ಲಿಯ ಕೆಳಗೆ ತುಂಬ ಹೊತ್ತು ಕಾಲು ತೊಳೆದು ಒಳಗೆ ಹೋದರು.

ಮಾರನೇ ದಿನ ಅವರಿಂದ ಮೆಸೇಜು ಬರಲಿಲ್ಲ. ಅದರ ಮಾರನೇ ದಿನವೂ ಇಲ್ಲ. ಹಾಲು ಮುಗಿದದ್ದನ್ನು ಮನೆಗೆ ಬಂದ ಮೇಲೆ ಅತ್ತೆಯೇ ಹೇಳಿದರು. ನಾಲ್ಕು ದಿನ ಹೀಗೇ ಕಳೆಯಿತು. ಆ ಪಟ್ಟಿಯ ಮುಖಗಳಿಗೆ ಹಾಕಿದಂತೆ ನನಗೂ ಕೆಂಪು ಗೀಟು ಬಿದ್ದಿದೆ, ಇನ್ನು ನನ್ನ ಹಣೆಬರಹ ಇಷ್ಟೇ ಎಂದುಕೊಂಡೆ.

ಐದನೆಯ ದಿನ ಆಫೀಸಿನಲ್ಲಿ ಊಟದ ಡಬ್ಬಿ ತೆಗೆಯುವಾಗ ಫೋನು ಸದ್ದು ಮಾಡಿತು. ಮಾವನ ಮೆಸೇಜು. ಎರಡು ನಗು. ಅದರ ಕೆಳಗೆ ಜಾಗ ಖಾಲಿ. ಅದರ ಕೆಳಗೆ ಇನ್ನೆರಡು ನಗು. ಬೇರೇನೂ ಇರಲಿಲ್ಲ. ಹಾಲೂ ಇಲ್ಲ, ಸಿಲಿಂಡರೂ ಇಲ್ಲ. ಮೂವತ್ತೊಂದು ಸಲ, ಮತ್ತೆ ಮೂವತ್ತೊಂದು, ಮತ್ತೆ, ಮತ್ತೆ. ನಾನು ಸಹೋದ್ಯೋಗಿಗಳ ಕಣ್ಣಿಗೆ ಬೀಳದಂತೆ ತಲೆ ಬಗ್ಗಿಸಿ ಊಟ ಮಾಡಿದೆ.

ಈಗ ನನ್ನ ಫೋನಿನಲ್ಲಿ ಸಾವಿರ ಮುಖಗಳಿವೆ. ಒಂದು ಮುಟ್ಟಿದರೆ ಬರುತ್ತವೆ, ಮಗಳಂತೂ ಒಂದೇ ಸಲಕ್ಕೆ ಇಪ್ಪತ್ತು ಸುರಿಯುತ್ತಾಳೆ. ನನಗೆ ಅವುಗಳ ಮೇಲೆ ಯಾವ ದೂರೂ ಇಲ್ಲ. ಚುಕ್ಕಿ ಗೆರೆಗಳಲ್ಲಿ ಮೊದಲ ಸಲ ಒಂದು ಮುಖ ಕಂಡವರು ಯಾರೋ, ಅವರ ಹೊಟ್ಟೆ ತಣ್ಣಗಿರಲಿ. ಅವರಿಲ್ಲದಿದ್ದರೆ ನನ್ನ ಮಾವ ನನಗೆ ಕೊನೆಯವರೆಗೂ ಒಡೆಯದ ಕಾಗದವಾಗಿಯೇ ಉಳಿಯುತ್ತಿದ್ದರು. ಡ್ರಾಯರಿನ ಆ ಫೋನನ್ನು ಹಳೆ ಸಾಮಾನಿನವನಿಗೆ ಕೊಡೆಂದು ಮುರಳಿ ಹೇಳಿದರೂ ನಾನು ಕೊಟ್ಟಿಲ್ಲ.

ಆ ಖಾಲಿ ಮೆಸೇಜು ಬಂದ ದಿನ ಸಂಜೆ ಆಫೀಸಿನಿಂದ ಬಂದಾಗ ಅತ್ತೆ ಗೇಟಿನಲ್ಲೇ ತಡೆದು, "ನಾಲ್ಕು ದಿನದಿಂದ ಒತ್ತುತಾರೆ, ಅಳಿಸ್ತಾರೆ. ಏನು ಬರೀಬೇಕೋ ಗೊತ್ತಾಗ್ತಿಲ್ಲ ಅಂತಾರೆ. ಬಂತೇನೆ?" ಎಂದು ಕೇಳಿದರು. ಬಂತು ಎಂದೆ. ಅವರು ಕಾಫಿ ಇಡಲು ಒಳಗೆ ಹೋದರು. ಮಾವ ಜಗಲಿಯಲ್ಲಿ ಪೇಪರು ಹಿಡಿದು ಕೂತಿದ್ದರು. ಧೈರ್ಯ ಮಾಡಿ ಪಕ್ಕದಲ್ಲಿ ನಿಂತೆ.

"ಮಾವ, ಮೆಸೇಜ್ ಬಂತು. ಒಳಗೆ ಏನೂ ಬರೆದೇ ಇಲ್ವಲ್ಲ?"

ಅವರು ಪೇಪರು ಇಳಿಸಲಿಲ್ಲ. "ಮೂಲೇಲಿ ಇತ್ತಲ್ಲಮ್ಮ. ಒಳಗೆ ಇನ್ನೇನು ಬರೀಲಿ?" ಎಂದರು.

ಪೇಪರಿನ ಅಂಚಿನಾಚೆ ಅವರ ಕಿವಿ ಕಾಣುತ್ತಿತ್ತು. ಅತ್ತೆ ಅಡುಗೆಮನೆಯಲ್ಲಿದ್ದರು, ಹೇಳಿಕೊಡಲು ಹತ್ತಿರ ಯಾರೂ ಇರಲಿಲ್ಲ. ಆದರೂ ನನಗೆ ಕಂಡಿತು, ಕಿವಿ ಕೆಂಪಾಗಿತ್ತು.